ಯುದ್ಧ ಬೇಡ ಅಂತ ಬಿಡಿಸಿದ ಕಾಮಿಕ್ಸ್ ಯುದ್ಧದ ಪೋಸ್ಟರ್ ಥರ ಕಾಣುವುದು ಯಾಕೆ?

ನೀವು ಕೇಳಿದ್ದು ಇಷ್ಟು: ಟ್ಯಾಬ್ಲೆಟ್‌ನಲ್ಲಿ ಕಾಮಿಕ್ಸ್ ಶೈಲಿಯ ಚಿತ್ರ ಬಿಡಿಸುತ್ತೀರಿ, ಯುದ್ಧದ ವಿರುದ್ಧ ಒಂದು ಸರಣಿ ಶುರು ಮಾಡಿ ಅದರ ಚಿತ್ರಗಳನ್ನೂ ಹಾಕಿದ್ದೀರಿ, ಆದರೆ ನೋಡಿದವರೆಲ್ಲ 'ಸೂಪರ್ ಆಕ್ಷನ್ ಗುರು' ಅಂತಿದ್ದಾರೆ. ತಪ್ಪು ಕೈಯದಾ, ಶೈಲಿಯದಾ?

ಜಾಸ್ತಿ ಪಾಲು ಶೈಲಿಯದೇ. ನಾನೂ ಇದೇ ಕಸುಬಿನವನು, ಹೊಟ್ಟೆಪಾಡಿಗೆ ಜಾಹೀರಾತಿನ ಚಿತ್ರ, ಉಳಿದ ಹೊತ್ತು ಕಾಮಿಕ್ಸ್. ಈ ಶೈಲಿ ಬೆಳೆದು ಬಂದಿದ್ದೇ ಹೊಡೆದಾಟವನ್ನು ಚೆಂದ ಮಾಡಿ ತೋರಿಸುವುದಕ್ಕೆ. ವೇಗ ತೋರಿಸುವ ಸ್ಪೀಡ್ ಲೈನು, ಢಮಾರ್ ಅನ್ನುವ ದಪ್ಪ ಅಕ್ಷರ, ನೆಲದಿಂದ ತಲೆ ಎತ್ತಿ ನೋಡಿದ ಹಾಗೆ ನಿಂತ ಸೈನಿಕ. ಇಷ್ಟೆಲ್ಲ ಹಾಕಿ ಮೂಲೆಯಲ್ಲಿ 'ಯುದ್ಧ ಬೇಡ' ಅಂತ ಬರೆದರೆ ಕಣ್ಣು ಹೋಗುವುದು ಬೆಂಕಿಯ ಕಡೆಗೇ. ನಾವು ಓದಿ ಬೆಳೆದ ಅಮರ ಚಿತ್ರಕಥೆಯನ್ನೇ ನೋಡಿ, ಅದನ್ನು ಕಟ್ಟಿದ ಅನಂತ ಪೈ ನಮ್ಮ ಕಾರ್ಕಳದವರು. ಮಹಾಭಾರತ ಅಂದರೆ ನಮಗೆಲ್ಲ ಬಾಣಗಳ ಮಳೆ ನೆನಪಾಗುತ್ತದೆ. ಯುದ್ಧ ಮುಗಿದ ಮೇಲೆ ಹೆಂಗಸರು ಹೆಣ ಹುಡುಕುವ ಸ್ತ್ರೀಪರ್ವ ಎಷ್ಟು ಜನಕ್ಕೆ ನೆನಪಾಗುತ್ತದೆ?

ದೊಡ್ಡವರಿಗೂ ಇದೇ ಫಜೀತಿ. ಅಮೆರಿಕದ ಪಾಪ್ ಕಲಾವಿದ ರಾಯ್ ಲಿಕ್ಟನ್‌ಸ್ಟೈನ್ 1963ರಲ್ಲಿ ಮಾಡಿದ 'ವ್ಹಾಮ್!' ನೋಡಿರುತ್ತೀರಿ. 1962ರ ಒಂದು ಅಮೆರಿಕನ್ ಯುದ್ಧ ಕಾಮಿಕ್ಸ್‌ನ ಪ್ಯಾನೆಲ್ ಎತ್ತಿಕೊಂಡು, ಎರಡು ಕ್ಯಾನ್ವಾಸ್ ಸೇರಿ ನಾಲ್ಕು ಮೀಟರ್ ಅಗಲಕ್ಕೆ ಹಿಗ್ಗಿಸಿದ್ದು. ಒಂದು ಕಡೆ ವಿಮಾನ ರಾಕೆಟ್ ಬಿಡುತ್ತದೆ, ಇನ್ನೊಂದು ಕಡೆ ಶತ್ರು ವಿಮಾನ ಸಿಡಿಯುತ್ತದೆ. ಲಂಡನ್ನಿನ ಟೇಟ್ ಕಲಾ ಸಂಗ್ರಹಾಲಯದಲ್ಲಿದೆ. ಯುದ್ಧವನ್ನು ಗೇಲಿ ಮಾಡಿದ್ದು ಅನ್ನುವವರಿದ್ದಾರೆ, ಸುಮ್ನೆ ಚೆಂದದ ಚಿತ್ರ ಅನ್ನುವವರೂ ಇದ್ದಾರೆ. ನನ್ನ ಮಟ್ಟಿಗೆ ಅದು ಗೋಡೆಯ ಮೇಲೆ ತುಂಬಾ ಚೆನ್ನಾಗಿ ಕಾಣುವ ಚಿತ್ರ, ತೊಂದರೆ ಇರುವುದೂ ಅಲ್ಲೇ. ಅದರಲ್ಲಿರುವ ಹಳೇ ಕಾಮಿಕ್ಸ್ ಅಚ್ಚಿನ ಚುಕ್ಕಿಗಳು ಇವತ್ತು ಪ್ರೊಕ್ರಿಯೇಟ್, ಕ್ಲಿಪ್ ಸ್ಟುಡಿಯೊ ಥರದ ಚಿತ್ರ ಬಿಡಿಸುವ ಆ್ಯಪ್‌ಗಳಲ್ಲಿ ಹಾಫ್‌ಟೋನ್ ಬ್ರಶ್ ಆಗಿ ಸಿಗುತ್ತವೆ, ಒಂದು ಸಲ ಎಳೆದರೆ ಸುಟ್ಟ ಮನೆಯೂ ಹಳೇ ಕಾಲದ ಮುದ್ದಾದ ಪೋಸ್ಟರ್ ಆಗಿಬಿಡುತ್ತದೆ. ನಿಮ್ಮ ಎರಡನೇ ಚಿತ್ರದಲ್ಲಿ ಆಗಿರುವುದು ಇದೇ.

ಹಾಗಂತ ಕಾಮಿಕ್ಸ್‌ನಲ್ಲಿ ಆಗುವುದೇ ಇಲ್ಲ ಅಂತಲ್ಲ. ಕೊರಿಯಾ ಯುದ್ಧ ನಡೆಯುತ್ತಿರುವಾಗಲೇ, 1952ರಲ್ಲಿ, ಅಮೆರಿಕದ ಕಾಮಿಕ್ಸ್ ಕಲಾವಿದ ಹಾರ್ವೆ ಕರ್ಟ್ಸ್‌ಮನ್ ಕೊರಿಯಾದ ಇಮ್‌ಜಿನ್ ನದಿಯಲ್ಲಿ ತೇಲುವ ಹೆಣದ ಬಗ್ಗೆ ಒಂದು ಚಿಕ್ಕ ಕಥೆ ಮಾಡಿದರು. ದಂಡೆಯ ಮೇಲೆ ಊಟ ಮಾಡುತ್ತಾ ಕೂತ ಅಮೆರಿಕನ್ ಸೈನಿಕ ಆ ಹೆಣ ನೋಡಿ, ಈಗೆಲ್ಲ ದೂರದಿಂದ ಫಿರಂಗಿ ಹೊಡೆಯುವ ಕಾಲ, ಕೈಕೈ ಮಿಲಾಯಿಸಿ ಯಾರು ಸಾಯುತ್ತಾರೆ ಅಂತ ಯೋಚಿಸುತ್ತಿರುತ್ತಾನೆ. ಅಷ್ಟರಲ್ಲಿ ಶತ್ರು ಕಡೆಯವನೊಬ್ಬ ಮೇಲೆ ಬೀಳುತ್ತಾನೆ. ಕೊನೆಗೆ ಇವನು ಅವನನ್ನು ನೀರಿನಲ್ಲಿ ಮುಳುಗಿಸಿ ಕೊಲ್ಲುತ್ತಾನೆ. ಆ ಮುಳುಗಿಸುವ ಕ್ಷಣವನ್ನು ಕರ್ಟ್ಸ್‌ಮನ್ ಒಂದೇ ಏಟಿಗೆ ಮುಗಿಸುವುದಿಲ್ಲ, ಪ್ಯಾನೆಲ್ ಮೇಲೆ ಪ್ಯಾನೆಲ್ ಎಳೆಯುತ್ತಾರೆ. ಮುಗಿದರೆ ಸಾಕಪ್ಪ ಅನಿಸುತ್ತದೆ ಓದುವವನಿಗೆ. ಇಲ್ಲಿ ಗೆಲುವು ಇದೆ, ಆದರೆ ಚಪ್ಪಾಳೆ ಹೊಡೆಯಲು ಜಾಗ ಬಿಟ್ಟಿಲ್ಲ.

ಡಿಜಿಟಲ್ ಕೆಲಸದ ವಿಷಯಕ್ಕೆ ಬಂದರೆ ನೀವು ಖಂಡಿತ ನೋಡಬೇಕಾದ್ದು 'ಮದಾಯಾ ಮಾಮ್'. 2016ರ ಅಕ್ಟೋಬರ್‌ನಲ್ಲಿ ಸೂಪರ್‌ಹೀರೋ ಕಾಮಿಕ್ಸ್‌ನ ಮಾರ್ವೆಲ್ ಮತ್ತು ಅಮೆರಿಕದ ಸುದ್ದಿಸಂಸ್ಥೆ ಎಬಿಸಿ ನ್ಯೂಸ್ ಸೇರಿ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಬಿಟ್ಟ ಕಾಮಿಕ್ಸ್ ಅದು. ಮದಾಯಾ ಅಂದರೆ ಸಿರಿಯಾದಲ್ಲಿ, ದಮಾಸ್ಕಸ್‌ನಿಂದ ವಾಯವ್ಯಕ್ಕೆ, ಲೆಬನಾನ್ ಗಡಿ ಹತ್ತಿರದ ಒಂದು ಬೆಟ್ಟದೂರು. 2015ರ ಜುಲೈನಿಂದ ಸಿರಿಯಾ ಸರ್ಕಾರದ ಸೇನೆ ಮತ್ತು ಲೆಬನಾನ್‌ನ ಸಶಸ್ತ್ರ ಗುಂಪು ಹೆಜ್ಬುಲ್ಲಾ ಸೇರಿ ಅದಕ್ಕೆ ಮುತ್ತಿಗೆ ಹಾಕಿದ್ದವು. ಒಳಗೆ ಸುಮಾರು 40,000 ಜನ. ಎಲೆ, ಹುಲ್ಲು ಬೇಯಿಸಿ ತಿನ್ನುವ ಸ್ಥಿತಿ ಬಂತು, ಹಸಿವಿನಿಂದ ಜನ ಸತ್ತರು. ಹೊರಗಿನ ಪತ್ರಕರ್ತರು ಒಳಗೆ ಹೋಗುವ ಹಾಗಿರಲಿಲ್ಲ. ಐದು ಮಕ್ಕಳ ತಾಯಿಯೊಬ್ಬಳು ಎಬಿಸಿ ವರದಿಗಾರರಿಗೆ ಫೋನಿನಿಂದ ಮೆಸೇಜ್ ಕಳಿಸುತ್ತಿದ್ದಳು, ಹೆಸರು, ಮುಖ ಗೊತ್ತಾದರೆ ಅವಳ ಜೀವಕ್ಕೇ ಅಪಾಯ. ಅಂದರೆ ಕ್ಯಾಮೆರಾಕ್ಕೆ ಆಗದ ಕೆಲಸ, ಚಿತ್ರಕ್ಕೆ ಮಾತ್ರ ಆಗುವ ಕೆಲಸ. ಕಾಮಿಕ್ಸ್ ಯಾಕೆ ಅನ್ನುವ ಪ್ರಶ್ನೆಗೆ ಇಷ್ಟು ನೇರವಾದ ಉತ್ತರ ಅಪರೂಪ.

ಬಿಡಿಸಿದವರು ಡಾಲಿಬೋರ್ ತಲಾಯಿಚ್. ಕ್ರೊಯೇಷಿಯಾದ ಕಲಾವಿದ, ಯುಗೊಸ್ಲಾವಿಯಾ ಒಡೆದಾಗಿನ ಯುದ್ಧದ ಕಾಲವನ್ನು ಸ್ವತಃ ಕಂಡವರು. ಈ ಕಾಮಿಕ್ಸ್‌ಗೂ ಮುಂಚೆ ಮಾರ್ವೆಲ್‌ನದೇ ಪಾತ್ರ ಡೆಡ್‌ಪೂಲ್ ಕೈಯಲ್ಲಿ ಇಡೀ ಮಾರ್ವೆಲ್ ಹೀರೋಗಳನ್ನು ಕೊಲ್ಲಿಸಿದ ಕಾಮಿಕ್ಸ್ ಬಿಡಿಸಿದ್ದವರೂ ಇವರೇ, ಹಾಗಾಗಿ ಹೊಡೆದಾಟ ಬಿಡಿಸಲು ಬಾರದೆ ಬಿಟ್ಟದ್ದಲ್ಲ. ಇಲ್ಲಿ ಹೀರೋ ಇಲ್ಲ, ಯಾರೂ ಬಂದು ಕಾಪಾಡುವುದಿಲ್ಲ. ಮನೆ, ಮಕ್ಕಳು, ಊಟದ ಚಿಂತೆ, ಕಾಯುವುದು. ಎಷ್ಟೋ ದಿನದ ಮೇಲೆ ಊಟ ಸಿಕ್ಕರೆ ಮಕ್ಕಳಿಗೆ ಹೊಟ್ಟೆನೋವು, ಯಾಕೆಂದರೆ ಹೊಟ್ಟೆಗೆ ಅರಗಿಸುವ ಅಭ್ಯಾಸವೇ ತಪ್ಪಿಹೋಗಿದೆ. ಇದನ್ನು ಯಾವ ಸ್ಪೀಡ್ ಲೈನ್ ಹಾಕಿ ತೋರಿಸುತ್ತೀರಿ? ಯುದ್ಧ ಅಂದರೆ ಬಹಳ ಜನಕ್ಕೆ ಹೀಗೆ ಕಾಯುವುದೇ. ಬಾಂಬ್ ಬೀಳುವುದು ಒಂದು ಗಳಿಗೆ, ಅಕ್ಕಿ ಇಲ್ಲದಿರುವುದು ತಿಂಗಳುಗಟ್ಟಲೆ. ನಾವು ಆ ಒಂದು ಗಳಿಗೆಯನ್ನು ಮಾತ್ರ ಬಿಡಿಸುತ್ತಾ ಕೂತರೆ ಸಿನಿಮಾ ಆಗದೆ ಇನ್ನೇನಾಗುತ್ತದೆ.

ಸುಡಾನಿನ ವ್ಯಂಗ್ಯಚಿತ್ರಕಾರ ಖಾಲಿದ್ ಅಲ್ಬೈಹ್ ಅವರ ದಾರಿ ಇನ್ನೂ ಚಿಕ್ಕದು. 2016ರ ಆಗಸ್ಟ್‌ನಲ್ಲಿ ಸಿರಿಯಾದ ಅಲೆಪ್ಪೊ ನಗರದ ಆ ಹುಡುಗನ ಫೋಟೊ ಬಂತಲ್ಲ, ಧೂಳು ರಕ್ತ ಮೆತ್ತಿಕೊಂಡು ಆಂಬ್ಯುಲೆನ್ಸ್ ಸೀಟಿನಲ್ಲಿ ಸುಮ್ಮನೆ ಕೂತವನು. ಅಲ್ಬೈಹ್ ಒಂದು ಪಕ್ಕ ಅವನನ್ನು ಬಿಡಿಸಿದರು, ಇನ್ನೊಂದು ಪಕ್ಕ ಹಿಂದಿನ ವರ್ಷ ಟರ್ಕಿಯ ಕಡಲತೀರದಲ್ಲಿ ಮಗುಚಿ ಬಿದ್ದಿದ್ದ ಮಗುವನ್ನು. ಸಿರಿಯಾದ ಮಕ್ಕಳಿಗಿರುವ ಎರಡು ಆಯ್ಕೆ: ಇದ್ದರೆ ಇದು, ಹೋದರೆ ಅದು. ಹಿನ್ನೆಲೆ ಇಲ್ಲ, ಕಣ್ಣೀರಿಲ್ಲ. ಫೋನಿನಲ್ಲಿ ಎರಡು ಸೆಕೆಂಡ್ ನೋಡಿದರೂ ಅರ್ಥವಾಗುತ್ತದೆ, ಜಗತ್ತೆಲ್ಲ ಹಂಚಿಕೊಂಡಿತು. ದೊಡ್ಡ ಕಣ್ಣಿನಿಂದ ನೀರು ಸುರಿಸುವ ಮಗುವನ್ನು ಈಗ ಎಐ ಕೂಡ ನಿಮಿಷದಲ್ಲಿ ಮಾಡಿಕೊಡುತ್ತದೆ, ಅದನ್ನು ಅದಕ್ಕೇ ಬಿಟ್ಟುಬಿಡಿ.

ಇನ್ನು ನಿಮ್ಮ ಕೆಲಸ. ವೆಬ್‌ಟೂನ್ ಥರ ಕೆಳಗೆ ಜಾರಿಸಿ ಓದುವ ರೂಪಕ್ಕೆ ಬನ್ನಿ, 800 ಪಿಕ್ಸೆಲ್ ಅಗಲ ಇಟ್ಟುಕೊಂಡರೆ ಸಾಕು. ಪುಸ್ತಕದಲ್ಲಿ ಪುಟ ತಿರುಗಿಸಿದ ತಕ್ಷಣ ಎಲ್ಲವೂ ಒಟ್ಟಿಗೆ ಕಣ್ಣಿಗೆ ಬೀಳುತ್ತದೆ, ಇಲ್ಲಿ ಪ್ಯಾನೆಲ್ ನಡುವೆ ಎಷ್ಟು ಖಾಲಿ ಬಿಟ್ಟಿರೋ ಅಷ್ಟು ಹೊತ್ತು ಓದುಗ ಕಾಯಲೇಬೇಕು. ಸೈರನ್ ಕೂಗಿತು ಅಂತ ಒಂದು ಪ್ಯಾನೆಲ್ ಹಾಕಿ, ಆಮೇಲೆ ಮೂರು ಸ್ಕ್ರೀನ್ ಖಾಲಿ ಬಿಟ್ಟು ನೋಡಿ. ಸ್ಫೋಟ ಬಿಡಿಸುವ ಅಗತ್ಯವೇ ಇರುವುದಿಲ್ಲ.

ಊರಿನ ಹೆಸರು ಹಾಕಬೇಕಾ, ಗಲಾಟೆ ಆಗಲ್ವಾ ಅಂತಲೂ ಕೇಳಿದ್ದೀರಿ. ಆಗಬಹುದು, ಆದರೂ ಹಾಕಿ. 'ಯಾವುದೋ ಒಂದು ದೇಶದಲ್ಲಿ' ಅಂದರೆ ಪಾರಿವಾಳದ ಗ್ರೀಟಿಂಗ್ ಕಾರ್ಡ್ ಆಗುತ್ತದೆ, ಯಾರಿಗೂ ಚುರುಕ್ ಅನ್ನುವುದಿಲ್ಲ.

ನೀವು ಹಾಕಿರುವ ಮೂರನೇ ಚಿತ್ರದಲ್ಲಿ ಟ್ಯಾಂಕ್ ಇರುವ ಲೇಯರ್ ಆಫ್ ಮಾಡಿ. ಹಿಂದೆ ಬೇಕರಿ ಮುಂದೆ ನಿಂತ ಸಾಲು ಇದೆಯಲ್ಲ, ಚಿತ್ರ ಇರುವುದು ಅಲ್ಲೇ. ಆದರೆ ಆ ಸಾಲಿನಲ್ಲಿ ಒಬ್ಬನೇ ಮನುಷ್ಯನನ್ನು ಕಾಪಿ ಪೇಸ್ಟ್ ಮಾಡಿದ್ದೀರಿ, ಶರ್ಟಿನ ಬಣ್ಣ ಮಾತ್ರ ಬೇರೆ. ಒಬ್ಬೊಬ್ಬರನ್ನೂ ಬೇರೆ ಬೇರೆ ಬಿಡಿಸಿ, ಎರಡು ದಿನ ಹೋದರೂ ಪರವಾಗಿಲ್ಲ.