ಮೂನ್ ಕ್ಲಿಪ್ ಬಿಟ್ಟು ಸ್ಪೀಡ್‌ಲೋಡರ್‌ಗೆ ಹೋಗಲಾ?

ಪ್ರಶ್ನೆ: ಅಮೆರಿಕದ ಟೆಕ್ಸಸ್‌ನಲ್ಲಿದ್ದೇನೆ. ಕ್ಲಬ್ಬಿನ ರಿವಾಲ್ವರ್ ಸ್ಪರ್ಧೆಗೆಂದು ಸ್ಮಿತ್ ಅಂಡ್ ವೆಸನ್ 625 (.45 ಎಸಿಪಿ) ಕೊಂಡೆ. ಮೂನ್ ಕ್ಲಿಪ್ (ತೋಟಾಗಳನ್ನು ಒಟ್ಟಿಗೆ ಹಿಡಿಯುವ ತಗಡು) ಹಾಕಿದಾಗ ಕೆಲವೊಮ್ಮೆ ಸಿಲಿಂಡರ್ (ತೋಟಾಗಳು ಕೂರುವ, ತಿರುಗುವ ಭಾಗ) ಬಿಗಿಯುತ್ತದೆ. ಒಂದೊಂದು ಸಲ ಟ್ರಿಗರ್ ಎಳೆದರೂ ಗುಂಡು ಸಿಡಿಯುವುದಿಲ್ಲ. ಅದರ ಬದಲು ಸ್ಪೀಡ್‌ಲೋಡರ್ (ತೋಟಾಗಳನ್ನು ಒಟ್ಟಿಗೆ ಒಳಗೆ ಬಿಟ್ಟು ತಾನು ಹೊರಗೇ ಉಳಿಯುವ ಸಾಧನ) ಬಳಸಲಾ? ಮನೆಯಲ್ಲಿರುವ .38 ರಿವಾಲ್ವರನ್ನೂ ಕ್ಲಿಪ್‌ಗೆ ಹೊಂದಿಸಬಹುದಾ?

ಉತ್ತರ: ಗನ್ ಬಗ್ಗೆ ಆಮೇಲೆ ಯೋಚಿಸೋಣ, ಮೊದಲು ಕ್ಲಿಪ್‌ಗಳನ್ನು ನೋಡಿ. ಬಹುಶಃ ಒಂದೆರಡು ಬಾಗಿವೆ.

.45 ಎಸಿಪಿ ಮೂಲತಃ ಪಿಸ್ತೂಲಿನ ತೋಟಾ. ರಿವಾಲ್ವರ್ ತೋಟಾಕ್ಕಿರುವಂತೆ ಅದರ ಬುಡದಲ್ಲಿ ಹೊರಚಾಚಿದ ಅಂಚಿಲ್ಲ. 1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಾಗ ಪಿಸ್ತೂಲುಗಳು ಸಾಲಲಿಲ್ಲ. ಕೋಲ್ಟ್ ಮತ್ತು ಸ್ಮಿತ್ ಅಂಡ್ ವೆಸನ್ ತಮ್ಮ ದೊಡ್ಡ ರಿವಾಲ್ವರುಗಳನ್ನೇ ಈ ತೋಟಾಕ್ಕೆ ಹೊಂದಿಸಿದವು. ಅಂಚಿಲ್ಲದ ತೋಟಾವನ್ನು ಹೊರದಬ್ಬಲು ಎಜೆಕ್ಟರ್‌ಗೆ ಹಿಡಿತ ಬೇಕಲ್ವಾ? ಅದಕ್ಕೆ ಮೂರು ಮೂರು ತೋಟಾ ಹಿಡಿಯುವ ಅರ್ಧಚಂದ್ರದ ಪಟ್ಟಿ ಬಂತು. ಆರನ್ನೂ ಹಿಡಿಯುವ ಪೂರ್ತಿ ಚಂದ್ರ, ಅಂದರೆ ನಿಮ್ಮ ಮೂನ್ ಕ್ಲಿಪ್, ಆಮೇಲಿನದು.

ಅಂದರೆ ನಿಮ್ಮ 625ರಲ್ಲಿ .45 ಎಸಿಪಿ ಬಳಸುವವರೆಗೆ ಸ್ಪೀಡ್‌ಲೋಡರ್‌ನ ಮಾತೇ ಇಲ್ಲ. ಕ್ಲಿಪ್ ಇಲ್ಲದಿದ್ದರೆ ಖಾಲಿ ತೋಟಾ ಹೊರಗೇ ಬರುವುದಿಲ್ಲ, ಕಡ್ಡಿ ಹಾಕಿ ತಳ್ಳುತ್ತಾ ಕೂರಬೇಕು. ಕ್ಲಿಪ್ ಇದ್ದರೆ ಆರೂ ಒಟ್ಟಿಗೆ ಒಳಗೆ, ಆರೂ ಒಟ್ಟಿಗೆ ಹೊರಗೆ. ಅಮೆರಿಕದ ವೇಗದ ಶೂಟರ್ ಜೆರ್ರಿ ಮಿಕುಲೆಕ್ 1999ರಲ್ಲಿ ಆರು ಗುಂಡು ಹಾರಿಸಿ, ಮತ್ತೆ ತುಂಬಿ, ಇನ್ನಾರು ಹಾರಿಸಿದ್ದು 2.99 ಸೆಕೆಂಡಿನಲ್ಲಿ. ಅವರ ಕೈಯಲ್ಲಿದ್ದದ್ದೂ 625, ಮೂನ್ ಕ್ಲಿಪ್ಪೇ.

ಈಗ ನಿಮ್ಮ ತೊಂದರೆ. ಕ್ಲಿಪ್ ಎಂದರೆ ತೆಳ್ಳನೆ ಉಕ್ಕಿನ ತಗಡು. ಜೇಬಿನಲ್ಲಿ ಸುಮ್ನೆ ಹಾಕಿಕೊಂಡರೂ, ಖಾಲಿ ತೋಟಾಗಳನ್ನು ಬೆರಳಿನಿಂದ ಕಿತ್ತರೂ ಬಾಗುತ್ತದೆ. ಬಾಗಿದ ಕಡೆಯ ತೋಟಾ ಹಿಂದೆ ಸರಿದಿದ್ದರೆ ಚೌಕಟ್ಟಿಗೆ ಉಜ್ಜಿ ಸಿಲಿಂಡರ್ ಬಿಗಿಯುತ್ತದೆ. ಮುಂದೆ ಸರಿದಿದ್ದರೆ ಹ್ಯಾಮರ್‌ನ ಏಟು ಸರಿಯಾಗಿ ತಾಗುವುದಿಲ್ಲ. ಗುಂಡು ಸಿಡಿಯದಿದ್ದಾಗ ಮಾತ್ರ ಅವಸರ ಬೇಡ. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು 30 ಸೆಕೆಂಡ್ ಕಾದು, ಆಮೇಲೆ ಸಿಲಿಂಡರ್ ತೆರೆಯಿರಿ.

ಖಾಲಿ ಕ್ಲಿಪ್ಪನ್ನು ಗಾಜಿನ ಮೇಲಿಟ್ಟು ಒತ್ತಿ ನೋಡಿ. ಅಲುಗಾಡಿದರೆ ಎಸೆಯಿರಿ. ನೆಟ್ಟಗೆ ಮಾಡಲು ಹೋಗಬೇಡಿ, ಅದು ನಂಬಿಕೆಗೆ ಬರುವುದಿಲ್ಲ. ಇನ್ನೊಂದು ಪರೀಕ್ಷೆ: ಡಮ್ಮಿ (ಸಿಡಿಯದ ನಕಲಿ) ತೋಟಾ ತುಂಬಿದ ಕ್ಲಿಪ್ ಹಾಕಿ, ತೆರೆದ ಸಿಲಿಂಡರನ್ನು ಬೆರಳಿನಿಂದ ತಿರುಗಿಸಿ. ಕ್ಲಿಪ್ ಮೇಲೆ ಕೆಳಗೆ ಕುಣಿದರೆ ಬಾಗಿದೆ ಎಂದೇ ಅರ್ಥ. ತೋಟಾ ಸಿಕ್ಕಿಸಲು, ಕೀಳಲು ಸಿಗುವ ಸಣ್ಣ ಉಪಕರಣವನ್ನು ತಪ್ಪದೆ ಕೊಳ್ಳಿ. ಒಂದೇ ಕಂಪನಿಯ ತೋಟಾಕ್ಕೆ ಅಂಟಿಕೊಳ್ಳುವುದೂ ಒಳ್ಳೆಯದು. ಕ್ಲಿಪ್ ಸಿಕ್ಕಿಕೊಳ್ಳುವ, ತೋಟಾದ ಬುಡದ ಸುತ್ತಲಿನ ತೋಡಿನ ಅಗಲ ಕಂಪನಿಯಿಂದ ಕಂಪನಿಗೆ ಬೇರೆ. ಒಂದರಲ್ಲಿ ಗಟ್ಟಿ ಕೂರುವ ಕ್ಲಿಪ್ ಇನ್ನೊಂದರಲ್ಲಿ ಸಡಿಲ.

ತುಂಬುವಾಗ ಬೆರಳು ಟ್ರಿಗರ್‌ನಿಂದ ಆಚೆ ಇರಲಿ. ನಳಿಗೆ ಮೇಲೆ ಮಾಡಿ ಎಜೆಕ್ಟರ್ ರಾಡನ್ನು ಒಂದೇ ಏಟಿಗೆ ಕೊನೆತನಕ ತಳ್ಳಿ. ನಳಿಗೆ ಕೆಳಗೆ ಮಾಡಿ ಹೊಸ ಕ್ಲಿಪ್ ಬಿಡಿ. ದಪ್ಪ, ಗಿಡ್ಡ .45 ತಾನಾಗಿ ಜಾರಿ ಬೀಳುತ್ತದೆ. ತಳ್ಳಬೇಕಾಗಿ ಬಂದರೆ ಬಹುಶಃ ಸಿಲಿಂಡರಿನ ತೂತುಗಳು ಕೊಳೆಯಾಗಿವೆ.

.38ರ ವಿಷಯ ಬೇರೆ. ಕ್ಲಿಪ್ ಕೂರುವಂತೆ ಸಿಲಿಂಡರಿನ ಹಿಂಬದಿಯನ್ನು ನುರಿತ ಗನ್‌ಸ್ಮಿತ್ (ಗನ್ ದುರಸ್ತಿ ಮಾಡುವವರು) ಕೊರೆದುಕೊಡುತ್ತಾರೆ. ಆಮೇಲೂ ಕ್ಲಿಪ್ ಇಲ್ಲದೆ ಬಳಸಬಹುದು, ಅದರ ತೋಟಾಕ್ಕೆ ಅಂಚಿದೆ. ಆದರೆ .38ರ ಕ್ಲಿಪ್ ಇನ್ನೂ ತೆಳು, ಇನ್ನೂ ಬೇಗ ಬಾಗುತ್ತದೆ. ಉದ್ದ ತೋಟಾ ಸ್ವಲ್ಪ ಓಲಾಡಿದರೂ ತೂತಿಗೆ ನೇರ ಇಳಿಯುವುದಿಲ್ಲ. ಆ ಗನ್ನಿನಲ್ಲೂ ಸ್ಪರ್ಧೆಗೆ ಇಳಿಯುವುದಿದ್ದರೆ ಕೊರೆಸಿ. ಇಲ್ಲವಾದರೆ ಅದಕ್ಕೆ ನಿಮ್ಮ ಸ್ಪೀಡ್‌ಲೋಡರ್ ಸಾಕು.