ಲೆಕ್ಕದಲ್ಲಿರುವ ಮಕ್ಕಳು ಯಾರು?

ಓದುಗರ ಪ್ರಶ್ನೆಗೆ ಸಂಖ್ಯಾಶಾಸ್ತ್ರಜ್ಞೆಯ ಉತ್ತರ

ಪ್ರಶ್ನೆ: ಮೇಡಂ, ನನ್ನ ಮಗಳಿಗೆ ಎರಡು ವರ್ಷ. ಹೋದ ತಿಂಗಳು ಜ್ವರ ಏರಿದಾಗ ಫಿಟ್ಸ್ ಬಂತು. ಎರಡು ನಿಮಿಷದಲ್ಲಿ ನಿಂತಿತು, ಮತ್ತೆ ಬಂದಿಲ್ಲ. ಬೆಳವಣಿಗೆ ಸರಿಯಾಗಿದೆ. ಇಂಥವರಲ್ಲಿ ನೂರಕ್ಕೆ ಒಬ್ಬಿಬ್ಬರಿಗೆ ಮಾತ್ರ ಮುಂದೆ ಮೂರ್ಛೆರೋಗ ಬರುತ್ತದೆ ಎಂದು ಒಂದು ಕಡೆ ಓದಿದೆ. ಇನ್ನೊಂದು ಕಡೆ ಅರ್ಧಕ್ಕಿಂತ ಜಾಸ್ತಿ ಮಕ್ಕಳಿಗೆ ಅಂತ ಇತ್ತು. ಎರಡೂ ಡಾಕ್ಟರುಗಳೇ ಮಾಡಿದ ಅಧ್ಯಯನ. ಯಾವುದನ್ನು ನಂಬಲಿ? ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ: ಮೊದಲು ನಿಮ್ಮ ಮಗಳ ಲೆಕ್ಕ ಹೇಳಿಬಿಡುತ್ತೇನೆ. ನೀವು ಬರೆದ ಹಾಗೇ ಇದ್ದರೆ ಅವಳಿಗೆ ಹೊಂದುವ ಅಂಕಿ ಸಾವಿರಕ್ಕೆ 11. ಜ್ವರದ ಫಿಟ್ಸ್ ಬರದೇ ಇದ್ದ ಮಕ್ಕಳಲ್ಲೂ ಸಾವಿರಕ್ಕೆ 5 ಮಂದಿಗೆ ಏಳು ವರ್ಷದೊಳಗೆ ಮೂರ್ಛೆರೋಗ (ಜ್ವರವಿಲ್ಲದೆಯೂ ಪದೇಪದೇ ಫಿಟ್ಸ್ ಬರುವುದು) ಶುರುವಾಗಿತ್ತು. ‘ಅಪಾಯ ಎರಡು ಪಟ್ಟು’ ಎಂದು ಯಾರಾದರೂ ಬರೆದರೆ ಅದು ಸುಳ್ಳಲ್ಲ. ಆದರೆ ಹೆದರಿಸುತ್ತದೆ. ಸಾವಿರ ಮಕ್ಕಳಲ್ಲಿ ಆರು ಮಂದಿ ಹೆಚ್ಚು, ಅಷ್ಟೇ.

ಈ ಅಂಕಿ ಕೊಟ್ಟವರು ಕ್ಯಾರಿನ್ ನೆಲ್ಸನ್ ಮತ್ತು ಜೋನಾಸ್ ಎಲೆನ್‌ಬರ್ಗ್. ಆಕೆ ಮಕ್ಕಳ ನರರೋಗ ತಜ್ಞೆ, ಆತ ಸಂಖ್ಯಾಶಾಸ್ತ್ರಜ್ಞ. ಅಮೆರಿಕದಲ್ಲಿ 1959ರಿಂದ 1966ರವರೆಗೆ ಐವತ್ತು ಸಾವಿರಕ್ಕೂ ಹೆಚ್ಚು ಬಸುರಿಯರನ್ನು ಒಂದು ದೊಡ್ಡ ಅಧ್ಯಯನಕ್ಕೆ ಸೇರಿಸಿಕೊಂಡಿದ್ದರು. ಮಗು ಹುಟ್ಟುವ ಮೊದಲೇ ಹೆಸರು ಬರೆದುಕೊಂಡಿದ್ದಾರೆ ನೋಡಿ, ಅದೇ ಇದರ ಬಲ. ಯಾವ ಮಗುವಿಗೆ ಏನಾಗುತ್ತದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಆ ಮಕ್ಕಳಲ್ಲಿ 1,706 ಮಂದಿಗೆ ಜ್ವರದ ಫಿಟ್ಸ್ ಬಂತು. ಅವರನ್ನು ಏಳು ವರ್ಷ ತುಂಬುವವರೆಗೂ ಗಮನಿಸಿ 1976ರಲ್ಲಿ ವರದಿ ಪ್ರಕಟಿಸಿದರು.

ಹಾಗಾದರೆ ಆ ‘ಅರ್ಧಕ್ಕಿಂತ ಜಾಸ್ತಿ’ ಎಲ್ಲಿಂದ ಬಂತು? ಇದೇ ಇಬ್ಬರು 1980ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಎರಡು ಗುಂಪು ಮಾಡಿ ನೋಡಿದರು. ಊರಿಗೆ ಊರೇ ಅಥವಾ ಹುಟ್ಟಿದ ಮಕ್ಕಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಅಧ್ಯಯನಗಳಲ್ಲಿ, ಮುಂದೆ ಜ್ವರವಿಲ್ಲದೆಯೂ ಫಿಟ್ಸ್ ಬಂದ ಮಕ್ಕಳು ನೂರಕ್ಕೆ 1.5ರಿಂದ 4.6. ಆಸ್ಪತ್ರೆಗೆ ಬಂದವರನ್ನಷ್ಟೇ ಎಣಿಸಿದ ಅಧ್ಯಯನಗಳಲ್ಲಿ 2.6ರಿಂದ 76.9! ಈ ಅಂಕಿಗಳನ್ನು ನಾನು ಪ್ರತಿ ಹೊಸ ಬ್ಯಾಚಿಗೂ ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ. ಎಣಿಕೆಯಲ್ಲಿ ಯಾರೂ ಮೋಸ ಮಾಡಿಲ್ಲ. ಆದರೆ ದೊಡ್ಡ ಆಸ್ಪತ್ರೆಯ ನರರೋಗ ವಿಭಾಗಕ್ಕೆ ಯಾವ ಮಕ್ಕಳು ಬರುತ್ತಾರೆ? ಫಿಟ್ಸ್ ಅರ್ಧ ಗಂಟೆ ನಿಲ್ಲದವರು, ಪದೇಪದೇ ಬರುವವರು, ಮೊದಲಿಂದಲೂ ಬೆಳವಣಿಗೆ ನಿಧಾನ ಇರುವವರು. ಎರಡು ನಿಮಿಷದಲ್ಲಿ ಚೇತರಿಸಿಕೊಂಡು ಆಟಕ್ಕಿಳಿದ ಮಗುವನ್ನು ಅಲ್ಲಿವರೆಗೆ ಯಾರು ಕರೆದೊಯ್ಯುತ್ತಾರೆ ಹೇಳಿ. ಆ ಮಗು ಲೆಕ್ಕಕ್ಕೇ ಬರುವುದಿಲ್ಲ. ಸಂಶೋಧನೆ ಓದುವಾಗ ಶೇಕಡಾವಾರು ಅಂಕಿಗೆ ಮೊದಲು ‘ಮಕ್ಕಳನ್ನು ಎಲ್ಲಿಂದ ಆರಿಸಿಕೊಂಡರು’ ಎಂಬ ಪ್ಯಾರಾ ಓದಿ ಎಂದು ನಾನು ಗೋಗರೆಯುವುದು ಇದಕ್ಕೇ.

ಎಲ್ಲ ಮಕ್ಕಳಿಗೂ ಸಾವಿರಕ್ಕೆ 11 ಎಂದುಕೊಳ್ಳಬೇಡಿ. ಮೊದಲೇ ನರಗಳ ತೊಂದರೆಯಿದ್ದು, ಅದರ ಜೊತೆಗೆ ಮೊದಲ ಫಿಟ್ಸ್ 15 ನಿಮಿಷ ಮೀರಿದ್ದರೆ, ಒಂದೇ ದಿನ ಮತ್ತೆ ಬಂದಿದ್ದರೆ ಅಥವಾ ದೇಹದ ಒಂದೇ ಕಡೆ ಕಾಣಿಸಿದ್ದರೆ, ಆ ಗುಂಪಿನಲ್ಲಿ ಇದು ಸಾವಿರಕ್ಕೆ 92. ಇನ್ನೊಂದು ವಿಷಯ. ಮುಂದಿನ ಜ್ವರದಲ್ಲಿ ಮತ್ತೆ ಫಿಟ್ಸ್ ಬರಬಹುದು. ಸುಮಾರು ಮೂರರಲ್ಲಿ ಒಂದು ಮಗುವಿಗೆ ಬರುತ್ತದೆ. ಅದು ಬೇರೆ ಲೆಕ್ಕ, ಮೂರ್ಛೆರೋಗದ ಜೊತೆ ಕಲಸಬೇಡಿ. ಆಗ ಏನು ಮಾಡಬೇಕೆಂದು ನಿಮ್ಮ ಡಾಕ್ಟರನ್ನು ಈಗಲೇ ಕೇಳಿಟ್ಟುಕೊಳ್ಳಿ.

ಪ್ರಶ್ನೆ: ನಾನು ಮಕ್ಕಳ ವೈದ್ಯಕೀಯದಲ್ಲಿ ಎಂ.ಡಿ. ವಿದ್ಯಾರ್ಥಿ. ಒಂದು ಔಷಧಿ ಶುರು ಮಾಡುವ ಮುಂಚೆ ಮತ್ತು ಆಮೇಲೆ 30 ಮಕ್ಕಳ ಫಿಟ್ಸ್ ಡೈರಿ ಇದೆ. ಒಟ್ಟು 412 ಫಿಟ್ಸ್. ಸ್ಯಾಂಪಲ್ 412 ಅಂತ ಬರೆಯಬಹುದಾ? ಸರಾಸರಿ ಚೆನ್ನಾಗಿ ಇಳಿದಿದೆ.

ಉತ್ತರ: ಬೇಡ. ನಿಮ್ಮ ಸ್ಯಾಂಪಲ್ 30. ನಿಮ್ಮ ಎಕ್ಸೆಲ್ ಶೀಟಿನಲ್ಲಿ ಒಂದು ಫಿಟ್ಸಿಗೆ ಒಂದು ಸಾಲು ಇರಬೇಕು, ಅಲ್ವಾ? ಒಂದೇ ಮಗುವಿನ ಸಾಲುಗಳು ಒಂದಕ್ಕೊಂದು ಹೋಲುತ್ತವೆ. ಅವು ಬೇರೆ ಬೇರೆ ಸಾಕ್ಷಿಗಳಲ್ಲ. ಅವನ್ನು ಬಿಡಿಬಿಡಿಯಾಗಿ ಎಣಿಸಿದರೆ ಪಿ ವ್ಯಾಲ್ಯೂ (ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಾಧ್ಯತೆ) ಸುಮ್ನೆ ಚಿಕ್ಕದಾಗಿ ಕಾಣುತ್ತದೆ. ಒಂದು ಮಗುವಿಗೆ ಒಂದು ಸಾಲು ಮಾಡಿ, ಮುಂಚೆ ಎಷ್ಟು, ಆಮೇಲೆ ಎಷ್ಟು ಎಂದು ಬರೆಯಿರಿ. ಆಗ ಗೊತ್ತಾಗುತ್ತದೆ, ಇಬ್ಬರು ಮೂವರು ಮಕ್ಕಳೇ ನೂರಾರು ಫಿಟ್ಸ್ ತುಂಬಿಸಿರುತ್ತಾರೆ. ಸರಾಸರಿಯನ್ನು ಎಳೆಯುವವರು ಅವರೇ. ಮೀಡಿಯನ್, ಅಂದರೆ ಅಂಕಿಗಳನ್ನು ಸಾಲಾಗಿ ಜೋಡಿಸಿದಾಗ ನಡುವೆ ಬರುವ ಅಂಕಿ, ಕೊಡಿ. ಮುಂಚೆ-ಆಮೇಲೆ ಹೋಲಿಸಲು ಜೋಡಿ ಅಂಕಿಗಳಿಗೆಂದೇ ಇರುವ ವಿಲ್ಕಾಕ್ಸನ್ ಸೈನ್ಡ್-ರ‍್ಯಾಂಕ್ ಪರೀಕ್ಷೆ ಸಾಕು.

ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಫಿಟ್ಸ್ ಒಂದೇ ಸಮ ಬರುವುದಿಲ್ಲ, ಏರುತ್ತದೆ, ಇಳಿಯುತ್ತದೆ. ತೀರಾ ಏರಿದಾಗಲೇ ಅಪ್ಪ ಅಮ್ಮ ಮಗುವನ್ನು ಕರೆತರುತ್ತಾರೆ, ಆಗಲೇ ಹೊಸ ಔಷಧಿ ಶುರುವಾಗುತ್ತದೆ. ಔಷಧಿ ಕೊಡದಿದ್ದರೂ ಮುಂದಿನ ತಿಂಗಳು ಕೆಲವರಿಗೆ ಕಡಿಮೆಯಾಗುತ್ತಿತ್ತು. ಹೋಲಿಸಿ ನೋಡಲು ಇನ್ನೊಂದು ಗುಂಪಿಲ್ಲದೆ ಎಷ್ಟು ಇಳಿಕೆ ಔಷಧಿಯದ್ದು ಎಂದು ಹೇಳಲಾಗದು. ಈಗ ಆ ಗುಂಪು ಸೇರಿಸಲು ಸಮಯ ಇಲ್ಲದಿದ್ದರೆ ‘ಔಷಧಿಯಿಂದ ಕಡಿಮೆಯಾಯಿತು’ ಎಂದು ಬರೆಯಬೇಡಿ. ‘ಔಷಧಿ ಶುರುವಾದ ಮೇಲೆ ಕಡಿಮೆಯಾಯಿತು’ ಎಂದಷ್ಟೇ ಬರೆದು, 30 ಮಕ್ಕಳ ಅಂಕಿಗಳನ್ನೂ ಒಂದು ಪುಟದಲ್ಲಿ ಹೆಸರಿಲ್ಲದೆ ಪೂರ್ತಿ ಕೊಡಿ.