ಡಿಪ್ರೆಶನ್‌ಗೆ ಮ್ಯಾಜಿಕ್ ಮಶ್ರೂಮ್ ಚಿಕಿತ್ಸೆ ನಿಜವಾಗಿಯೂ ಕೆಲಸ ಮಾಡುತ್ತಾ?

ತಮ್ಮನಿಗೆ ಡಿಪ್ರೆಶನ್ ಇದೆ, ಮಾತ್ರೆ ಹಿಡಿಯುತ್ತಿಲ್ಲ, ಗೆಳೆಯರು ಕೊಡೈಕೆನಾಲ್‌ಗೆ ಕರೆಯುತ್ತಿದ್ದಾರೆ, ಅಲ್ಲಿನ ಮಶ್ರೂಮ್ ತಿಂದರೆ ವಾಸಿಯಾಗುತ್ತಾ ಎಂದು ಕೇಳಿದ್ದೀರಿ. ದಯವಿಟ್ಟು ಕಳಿಸಬೇಡಿ.

ನಾನು ಮೆಲ್ಬರ್ನ್‌ನಲ್ಲಿ ಮಾನಸಿಕ ರೋಗ ವಿಭಾಗದ ನರ್ಸ್. ಈ ಚಿಕಿತ್ಸೆ ಬರೀ ಬೊಗಳೆ ಅಂತ ನಾನು ಹೇಳಲ್ಲ. ಮ್ಯಾಜಿಕ್ ಮಶ್ರೂಮ್ ಎಂಬ ಅಣಬೆಯಲ್ಲಿರುವ, ಭ್ರಮೆ ತರಿಸುವ ಸಿಲೊಸೈಬಿನ್ ಎಂಬ ಅಂಶವನ್ನು, ಬೇರೆ ಔಷಧಿಗೆ ಬಗ್ಗದ ಡಿಪ್ರೆಶನ್‌ಗೆ, ಅನುಮತಿ ಪಡೆದ ಮನೋವೈದ್ಯರು ಆಸ್ಟ್ರೇಲಿಯಾದಲ್ಲಿ 2023ರ ಜುಲೈಯಿಂದ ಬರೆದುಕೊಡಬಹುದು. 2022ರಲ್ಲಿ 233 ಜನರ ಮೇಲಿನ ಪ್ರಯೋಗವೊಂದು ಪ್ರಕಟವಾಯಿತು. 25 ಮಿಲಿಗ್ರಾಂ ಒಂದೇ ಸಲ ತಗೊಂಡವರಿಗೆ ಮೂರು ವಾರದಲ್ಲಿ ಒಳ್ಳೆಯ ಸುಧಾರಣೆ ಕಂಡಿತ್ತು. ಆದರೆ 12ನೇ ವಾರದವರೆಗೂ ಅದು ಉಳಿದದ್ದು ಅವರಲ್ಲಿ ಸುಮಾರು ಐದಕ್ಕೊಬ್ಬರಿಗೆ. ಕೆಲವರಿಗೆ ಆತ್ಮಹತ್ಯೆಯ ಯೋಚನೆಯೂ ಬಂದಿತ್ತು. ಪೇಪರಿನವರು ಇದನ್ನೆಲ್ಲ ಬರೆಯುವುದು ಕಡಿಮೆ, ಅಲ್ವಾ?

ಔಷಧಿ ಕೊಡುವ ಮೊದಲೇ ಥೆರಪಿಸ್ಟ್ ರೋಗಿಯ ಜೊತೆ ಹಲವು ಸಲ ಕೂತು ಮಾತಾಡಿರುತ್ತಾರೆ. ಆ ದಿನ ಮಂದ ಬೆಳಕಿನ ಕೋಣೆ, ಕಣ್ಣಿಗೆ ಪಟ್ಟಿ, ಕಿವಿಗೆ ಹೆಡ್‌ಫೋನ್, ಮೊದಲೇ ಆರಿಸಿಟ್ಟ ಸಂಗೀತ. ಆರೆಂಟು ಗಂಟೆ ಥೆರಪಿಸ್ಟ್ ಪಕ್ಕ ಬಿಟ್ಟು ಕದಲುವುದಿಲ್ಲ. ಬಿಪಿ ನೋಡುತ್ತಿರುತ್ತಾರೆ. ಟಾಯ್ಲೆಟ್‌ಗೂ ಜೊತೆಗೆ ಒಬ್ಬರು ಬೇಕು. 'ಸತ್ತೇ ಹೋಗ್ತೀನಿ' ಎಂದು ಅಳುವವರಿಗೆ ಸುಮ್ನಿರು ಅನ್ನುವುದಿಲ್ಲ. ಏನು ಕಾಣುತ್ತಿದೆಯೋ ಅದನ್ನೇ ನೋಡಿ, ನಾನಿಲ್ಲೇ ಇದ್ದೀನಿ ಅನ್ನುತ್ತಾರೆ. ಆಮೇಲಿನ ದಿನಗಳಲ್ಲಿ, ಅಂದು ಎದ್ದು ಬಂದದ್ದನ್ನು ಕೂತು ಬಿಡಿಸುತ್ತಾರೆ. ನನ್ನ ಕೇಳಿದರೆ ಅರ್ಧ ಚಿಕಿತ್ಸೆ ಅಲ್ಲೇ ಇದೆ.

ಕೊಡೈಕೆನಾಲ್‌ನಲ್ಲಿ ಇದ್ಯಾವುದೂ ಸಿಗಲ್ಲ. ಅದು ಯಾವ ಅಣಬೆಯೋ, ಎಷ್ಟು ಡೋಸೋ, ಮಾರುವವನಿಗೂ ಗೊತ್ತಿರಲ್ಲ. ಸಿಲೊಸೈಬಿನ್ ಮಾದಕವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ನಿಷಿದ್ಧ, ಸಿಕ್ಕಿಬಿದ್ದರೆ ಕೇಸು. ಮನೆಯಲ್ಲಿ ಯಾರಿಗಾದರೂ ಸ್ಕಿಜೋಫ್ರೇನಿಯಾ, ಬೈಪೋಲಾರ್ ಇದ್ದರಂತೂ ಇಂಥ ಪ್ರಯೋಗಗಳಿಗೆ ಸಾಮಾನ್ಯವಾಗಿ ಸೇರಿಸಿಕೊಳ್ಳುವುದೇ ಇಲ್ಲ. ಇದಕ್ಕೆಂದು ಈಗಿನ ಮಾತ್ರೆಯನ್ನು ತಾನಾಗೇ ನಿಲ್ಲಿಸುವುದೂ ಅಪಾಯ.

ಮೊದಲು ಒಂದು ಹಾಳೆಯಲ್ಲಿ ಬರೆಯಿರಿ: ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಎಷ್ಟು ವಾರ. ಕಡಿಮೆ ಡೋಸಿನಲ್ಲೇ ಬಿಟ್ಟುಬಿಟ್ಟು 'ಹಿಡಿಯಲಿಲ್ಲ' ಅನ್ನುವವರೂ ಇರುತ್ತಾರೆ. ಅದನ್ನು ಹಿಡಿದು ಇನ್ನೊಬ್ಬ ಮನೋವೈದ್ಯರನ್ನು ಕಾಣಿ, ನಿಮ್ಹಾನ್ಸ್ ಆದರೂ ಸರಿ. ಅರಿವಳಿಕೆಗೆ ಬಳಸುವ, ಹಟಮಾರಿ ಡಿಪ್ರೆಶನ್‌ಗೂ ಕೊಡುವ ಕೆಟಮಿನ್ ಎಂಬ ಔಷಧಿ ಬಗ್ಗೆ ಕೇಳಿ. ಜನ 'ಕರೆಂಟ್ ಕೊಡೋದು' ಎಂದು ಹೆದರುವ ಇಸಿಟಿ ಬಗ್ಗೆಯೂ ಕೇಳಿ. ಅದನ್ನೀಗ ಅರಿವಳಿಕೆ ಕೊಟ್ಟೇ ಮಾಡುತ್ತಾರೆ. ತಮ್ಮ ಸಾಯುವ ಮಾತಾಡಿದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ನೇರ ಎಮರ್ಜೆನ್ಸಿಗೆ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡಬಹುದು.